ತುಕ್ಕು ಹಿಡಿಯಲಿ, ಆದರೆ ಹೇಳಿದ ಹಾಗೆ ಹಿಡಿಯಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಸಾಲಿಡ್ ಆಕ್ಸೈಡ್ ಫ್ಯುಯಲ್ ಸೆಲ್ ಬಗ್ಗೆ ಅರ್ಧ ಪುಟದ ಟಿಪ್ಪಣಿ ಬರೆದಿದ್ದೆ. ಸೆರಾಮಿಕ್ ಬಿಲ್ಲೆಯ ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ಹೈಡ್ರೋಜನ್ ಇಲ್ಲವೇ ನೈಸರ್ಗಿಕ ಅನಿಲ, ಕಾವು 700ರಿಂದ 800 ಡಿಗ್ರಿ ಸೆಲ್ಸಿಯಸ್, ಬೆಂಕಿ ಹಚ್ಚದೆಯೇ ಕರೆಂಟು. ಒಂದು ಬಿಲ್ಲೆಯಿಂದ ಸಿಗುವುದು ಒಂದು ವೋಲ್ಟಿಗೂ ಕಡಿಮೆ. ಹಾಗಾಗಿ ಹತ್ತಾರು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆ ಇಡುತ್ತಾರೆ ಎಂದಿದ್ದೆ. ಆ ತಟ್ಟೆಗೆ ಇಂಟರ್‌ಕನೆಕ್ಟ್ ಎನ್ನುತ್ತಾರೆ. ಕರೆಂಟು ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ದಾಟುವುದು ಇದರ ಮೂಲಕ, ಗಾಳಿಯೂ ಇಂಧನವೂ ಬೆರೆಯದ ಹಾಗೆ ತಡೆಯುವುದೂ ಇದೇ. ಬಂದ ಪತ್ರಗಳಲ್ಲಿ ಹೆಚ್ಚಿನವು ಸೆಲ್ ಬಗ್ಗೆ ಅಲ್ಲ, ಈ ತಟ್ಟೆ ಬಗ್ಗೆ! ಖುಷಿಯಾಯಿತು, ಯಾಕೆಂದರೆ ಕಥೆ ಇರುವುದೇ ಅಲ್ಲಿ. ಓದುಗರ ಹೆಸರು ಹಾಕುತ್ತಿಲ್ಲ, ಊರು ಮಾತ್ರ.

ಪ್ರಶ್ನೆ: ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂದೇ ಅಲ್ವಾ ಅದನ್ನು ಕೊಳ್ಳುವುದು? ಮತ್ತೆ ಆ ತಟ್ಟೆ ‘ನಿಧಾನವಾಗಿ ತುಕ್ಕು ಹಿಡಿಯುತ್ತಾ ಕೆಲಸ ಮಾಡುತ್ತದೆ’ ಎಂದು ಬರೆದಿದ್ದೀರಿ. ಯಾವುದು ಸರಿ? (ಶಿವಮೊಗ್ಗ)

ಎರಡೂ ಸರಿ. ಸ್ಟೀಲಿನಲ್ಲಿ ಕ್ರೋಮಿಯಂ ಸುಮಾರು ನೂರಕ್ಕೆ 11 ದಾಟಿದರೆ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಅಡುಗೆಮನೆಯ ಲೋಟದಲ್ಲಿ ಆ ಪೊರೆ ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ, ಗೀರು ಬಿದ್ದರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಅದೂ ಆಕ್ಸೈಡೇ, ಆದರೆ ಬೆಳೆಯದ ಆಕ್ಸೈಡು. 800 ಡಿಗ್ರಿಯಲ್ಲಿ ಸುಮ್ನೆ ಕೂರಲು ಅದಕ್ಕೆ ಆಗುವುದಿಲ್ಲ. ಕ್ರೋಮಿಯಂ ಕಣಗಳು ಒಳಗಿನಿಂದ ಹೊರಗೆ, ಆಮ್ಲಜನಕ ಹೊರಗಿನಿಂದ ಒಳಗೆ, ಹೀಗೆ ಪೊರೆಯೊಳಗೆ ಓಡಾಟ ಶುರುವಾಗಿ ಪದರ ದಪ್ಪಗಾಗುತ್ತಲೇ ಹೋಗುತ್ತದೆ.

ಸಮಾಧಾನದ ಸಂಗತಿ ಏನೆಂದರೆ, ದಪ್ಪಗಾದಷ್ಟೂ ಆ ಓಡಾಟದ ದಾರಿ ಉದ್ದವಾಗುತ್ತದೆ, ಬೆಳೆಯುವ ವೇಗ ತಗ್ಗುತ್ತದೆ. ಜರ್ಮನಿಯ ಟಮ್ಮನ್ 1920ರಲ್ಲಿ ಇದನ್ನು ಗುರುತಿಸಿದ, ಕಾರ್ಲ್ ವಾಗ್ನರ್ 1933ರಲ್ಲಿ ಯಾಕೆ ಹೀಗೆ ಎಂದು ಲೆಕ್ಕ ಹಾಕಿ ತೋರಿಸಿದ. ದಪ್ಪದ ವರ್ಗ ಸಮಯದ ಜೊತೆ ನೇರವಾಗಿ ಏರುತ್ತದೆ. ಒಂದು ಲೆಕ್ಕ ಮಾಡೋಣ. 1,000 ಗಂಟೆಗೆ ಪದರ 2 ಮೈಕ್ರಾನ್ ಬೆಳೆದಿದೆ ಎಂದಿಟ್ಟುಕೊಳ್ಳಿ. 4,000 ಗಂಟೆಗೆ 8 ಆಗುವುದಿಲ್ಲ, 4 ಆಗುತ್ತದೆ. ಈ ಉದ್ಯಮದಲ್ಲಿ ಎಲ್ಲರೂ ಗುರಿಯಾಗಿ ಹೇಳುವುದು 40,000 ಗಂಟೆ, ಅಂದರೆ ನಾಲ್ಕೂವರೆ ವರ್ಷ ಬಿಡುವಿಲ್ಲದ ದುಡಿಮೆ. ಅಷ್ಟು ಹೊತ್ತಿಗೆ ಪದರ ಸುಮಾರು ಹನ್ನೆರಡೂವರೆ ಮೈಕ್ರಾನ್.

ಈಗ ತೊಡಕು ನೋಡಿ. ಕರೆಂಟು ಆ ಪದರವನ್ನು ದಾಟಿಯೇ ಹೋಗಬೇಕು. ಕ್ರೋಮಿಯಂ ಆಕ್ಸೈಡ್ ಲೋಹದ ಹಾಗೆ ವಾಹಕವಲ್ಲ, ಕಾದಾಗ ಒಂದಿಷ್ಟು ಕರೆಂಟು ಬಿಡುತ್ತದೆ ಅಷ್ಟೇ. 800 ಡಿಗ್ರಿಯಲ್ಲಿ ಅದರ ವಾಹಕತೆ ಸೆಂಟಿಮೀಟರಿಗೆ ಸುಮಾರು 0.01 ಸೀಮೆನ್ಸ್ ಎಂದು ಹಿಡಿದರೆ, 10 ಮೈಕ್ರಾನ್ ದಪ್ಪದ ಪದರ ಚದರ ಸೆಂಟಿಮೀಟರಿಗೆ 0.1 ಓಮ್ ತಡೆ ಒಡ್ಡುತ್ತದೆ. ಇದಕ್ಕಿಂತ ಜಾಸ್ತಿ ಆದರೆ ತಟ್ಟೆ ಕೆಟ್ಟಿತು ಎಂದು ಲೆಕ್ಕ, ಆ ಗಡಿಯೂ 0.1 ಓಮ್ ಸುತ್ತಲೇ ಇದೆ. ಚದರ ಸೆಂಟಿಮೀಟರಿಗೆ ಅರ್ಧ ಆಂಪಿಯರ್ ಹರಿಸಿದರೆ ಪ್ರತಿ ಸೆಲ್ಲಿನಲ್ಲೂ 0.05 ವೋಲ್ಟ್ ಅಲ್ಲೇ ಖರ್ಚು. ಸೆಲ್ ಕೊಡುವುದೇ 0.8 ವೋಲ್ಟ್, ಅದರಲ್ಲಿ ನೂರಕ್ಕೆ ಆರು ಪಾಲು ತುಕ್ಕಿಗೆ ಹೋಯಿತು!

ಹಾಗಾಗಿ ಇಲ್ಲಿ ಯಾರೂ ತುಕ್ಕು ಹಿಡಿಯದ ಸ್ಟೀಲ್ ಹುಡುಕುತ್ತಿಲ್ಲ. ತುಕ್ಕು ನಿಧಾನವಾಗಿ ಬೆಳೆಯಬೇಕು, ಕರೆಂಟು ಬಿಡಬೇಕು, ಹಕ್ಕಳೆ ಎದ್ದು ಉದುರಬಾರದು, ಆವಿಯಾಗಿ ಹಾರಿಹೋಗಬಾರದು. ಈ ನಾಲ್ಕನ್ನೂ ಒಟ್ಟಿಗೆ ಒಪ್ಪುವ ತುಕ್ಕು ಬೇಕು. ಕೆಳಗಿನ ಉತ್ತರಗಳೆಲ್ಲ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

ಪ್ರಶ್ನೆ: ನನ್ನ ಬೈಕಿನ ಸೈಲೆನ್ಸರ್ ಬೆಂಡ್ ಪೈಪ್ ಮೊದಲು ಬಂಗಾರದ ಬಣ್ಣ, ಆಮೇಲೆ ನೇರಳೆ, ಈಗ ನೀಲಿ. ಇದೂ ಅದೇ ತುಕ್ಕೇ? (ಹಾಸನ)

ಅದೇ. ಬಣ್ಣ ಆಕ್ಸೈಡಿನದಲ್ಲ, ದಪ್ಪದ್ದು. ಪದರ ಕೆಲವು ಹತ್ತು ನ್ಯಾನೋಮೀಟರ್ ಆದಾಗ ಅದರ ಮೇಲಿನಿಂದಲೂ ಕೆಳಗಿನಿಂದಲೂ ಮರಳಿ ಬರುವ ಬೆಳಕು ಒಂದಕ್ಕೊಂದು ಬೆರೆತು ಕೆಲವು ಬಣ್ಣ ಕಳೆದು ಕೆಲವು ಉಳಿಯುತ್ತವೆ. ತೆಳು ಇದ್ದಾಗ ಹೊಂಬಣ್ಣ, ದಪ್ಪ ಆದಂತೆ ನೇರಳೆ, ನೀಲಿ. ವೆಲ್ಡಿಂಗ್ ಗೆರೆಯ ಪಕ್ಕ, ಖಾಲಿ ಪಾತ್ರೆ ಒಲೆ ಮೇಲೆ ಮರೆತಾಗ ತಳದಲ್ಲಿ ಕಾಣುವುದೂ ಇದೇ. ಪಾಲಿಶ್ ಹಾಕಿ ಉಜ್ಜಿದರೆ ಹೋಗುತ್ತದೆ, ಗಾಡಿ ಓಡಿಸಿದರೆ ಮತ್ತೆ ಬರುತ್ತದೆ. ಬಿಟ್ಟುಬಿಡಿ, ಚೆನ್ನಾಗಿಯೇ ಕಾಣುತ್ತದೆ.

ಪ್ರಶ್ನೆ: ನಾನು ಎಂಎಸ್ಸಿ ವಿದ್ಯಾರ್ಥಿನಿ. ಎಲ್ಲ ಕಡೆ ಸಿಗುವ 304 ಸ್ಟೀಲ್ ಬಿಟ್ಟು ‘ಫೆರಿಟಿಕ್’ ಸ್ಟೀಲೇ ಯಾಕೆ? 304ರಲ್ಲೂ ನೂರಕ್ಕೆ 18 ಕ್ರೋಮಿಯಂ ಇದೆಯಲ್ಲ? (ಧಾರವಾಡ)

ಒಳ್ಳೆಯ ಪ್ರಶ್ನೆ. ಮೊದಲ ಕಾರಣ ಹಿಗ್ಗುವಿಕೆ. ಸೆಲ್ಲಿನ ನಡುವಿನ ಸೆರಾಮಿಕ್, ಅಂದರೆ ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ, ಕಾದರೆ ಹೆಚ್ಚು ಹಿಗ್ಗುವುದಿಲ್ಲ. 10 ಸೆಂಟಿಮೀಟರ್ ಉದ್ದದ ತುಂಡನ್ನು 800 ಡಿಗ್ರಿಗೆ ಕಾಯಿಸಿದರೆ ಅದು ಹಿಗ್ಗುವುದು ಸುಮಾರು 0.8 ಮಿಲಿಮೀಟರ್. ಅಷ್ಟೇ ಉದ್ದದ ಫೆರಿಟಿಕ್ ಸ್ಟೀಲ್ ಹಿಗ್ಗುವುದು 0.9ರ ಆಸುಪಾಸು. 304 ಆದರೆ 1.4. ಇವನ್ನು ಗಾಜಿನ ಸೀಲ್ ಹಾಕಿ ಒಂದಕ್ಕೊಂದು ಬಿಗಿದು ಕಾಯಿಸಿದರೆ, ತಣಿಸಿದರೆ ಏನಾಗುತ್ತದೆ ಹೇಳಿ? ಸ್ಟೀಲಿಗೆ ಏನೂ ಆಗುವುದಿಲ್ಲ, ಸೆರಾಮಿಕ್ ಬಿರುಕು ಬಿಡುತ್ತದೆ.

ಎರಡನೆಯದು ಅಷ್ಟಾಗಿ ಯಾರೂ ಹೇಳದ ಕಾರಣ, ನನ್ನ ಮಟ್ಟಿಗೆ ಇದೇ ಹೆಚ್ಚು ಸ್ವಾರಸ್ಯ. ಫೆರಿಟಿಕ್ ಸ್ಟೀಲಿನಲ್ಲಿ ಪರಮಾಣುಗಳ ಜೋಡಣೆ ಸ್ವಲ್ಪ ಸಡಿಲ, 304ರಲ್ಲಿ ಒತ್ತೊತ್ತು. ಸಡಿಲ ಜಾಗದಲ್ಲಿ ಕ್ರೋಮಿಯಂ ನೂರಾರು ಪಟ್ಟು ಬೇಗ ಸಾಗುತ್ತದೆ. ಮೇಲೆ ಪದರ ಕಟ್ಟಲು ಕ್ರೋಮಿಯಂ ಖರ್ಚಾದ ಕೂಡಲೇ ಒಳಗಿನಿಂದ ಸರಬರಾಜು ಬಂದು ಸೇರಬೇಕು, ಇಲ್ಲದಿದ್ದರೆ ಕಬ್ಬಿಣ ನುಗ್ಗಿ ಕೆಂಪು ತುಕ್ಕು ಕಟ್ಟುತ್ತದೆ. ಅಂದರೆ ಸ್ಟೀಲಿನಲ್ಲಿ ಎಷ್ಟು ಕ್ರೋಮಿಯಂ ಇದೆ ಎನ್ನುವಷ್ಟೇ ಮುಖ್ಯ, ಅದು ಹೊತ್ತಿಗೆ ಸರಿಯಾಗಿ ಮೇಲೆ ಬರುತ್ತದೆಯೇ ಎನ್ನುವುದು. ಮೂರನೆಯದು ನಿಕ್ಕಲ್ಲಿನ ಬೆಲೆ. 304ರಲ್ಲಿ ನಿಕ್ಕಲ್ 8ರ ಮೇಲೆ, ಫೆರಿಟಿಕ್‌ನಲ್ಲಿ ಹೆಚ್ಚುಕಡಿಮೆ ಇಲ್ಲ.

ಗುರುತಿಸುವುದು ಸುಲಭ. ಫೆರಿಟಿಕ್‌ಗೆ ಮ್ಯಾಗ್ನೆಟ್ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ, ತುಂಬಾ ಬಗ್ಗಿಸಿದ ಜಾಗದಲ್ಲಿ ಒಂಚೂರು ಹಿಡಿಯಬಹುದು.

ಅಂದ ಹಾಗೆ ಸ್ಟೀಲ್ ಇಲ್ಲಿಗೆ ಬಂದದ್ದೇ ತಡವಾಗಿ. ಹಳೆಯ ಸೆಲ್‌ಗಳು 1,000 ಡಿಗ್ರಿಯಲ್ಲಿ ಓಡುತ್ತಿದ್ದವು, ಅಲ್ಲಿ ಸ್ಟೀಲ್ ಬಾಳುವ ಮಾತೇ ಇಲ್ಲ, ಲ್ಯಾಂಥನಂ ಕ್ರೋಮೈಟ್ ಎಂಬ ದುಬಾರಿ ಸೆರಾಮಿಕ್ಕೇ ಗತಿ. ಆಮೇಲೆ ಸೆಲ್ಲಿನ ಗಟ್ಟಿತನದ ಹೊಣೆಯನ್ನು ಆನೋಡಿಗೆ, ಅಂದರೆ ಇಂಧನದ ಬದಿಯ ಪದರಕ್ಕೆ ವಹಿಸಿ, ನಡುವಿನ ಜಿರ್ಕೋನಿಯಾ ಪದರವನ್ನು ಹತ್ತು ಮೈಕ್ರಾನ್ ಸುತ್ತಮುತ್ತ ಇಳಿಸಿದರು. ಪದರ ತೆಳು ಆದದ್ದರಿಂದ 700-800 ಡಿಗ್ರಿಯಲ್ಲೇ ಕೆಲಸ ನಡೆಯಿತು, ಸ್ಟೀಲಿಗೆ ಬಾಗಿಲು ತೆರೆಯಿತು.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಫರ್ನೇಸ್ ಮಾಡುವ ಸಣ್ಣ ಘಟಕ. ನಾವು ಬಳಸುವ ಕಾಂಥಾಲ್ ವೈರು 1,200 ಡಿಗ್ರಿಯಲ್ಲೂ ವರ್ಷಗಟ್ಟಲೆ ಬಾಳುತ್ತದೆ. ಅದೇ ಲೋಹದ ತಟ್ಟೆ ಮಾಡಿದರೆ ಮುಗಿಯಿತಲ್ಲ? (ಬೆಂಗಳೂರು)

ನಿಮ್ಮ ವೈರಿನಲ್ಲಿ ಕಬ್ಬಿಣ, ಕ್ರೋಮಿಯಂ ಜೊತೆಗೆ ನೂರಕ್ಕೆ ಸುಮಾರು 5 ಅಲ್ಯೂಮಿನಿಯಂ ಇದೆ. ಅದರ ಮೇಲೆ ಕಟ್ಟುವುದು ಅಲ್ಯೂಮಿನಾ ಪದರ. ಬೆಳೆಯುವುದು ತೀರ ನಿಧಾನ, ಆವಿಯಾಗುವುದೂ ಇಲ್ಲ, ತುಕ್ಕು ತಡೆಯುವ ಲೆಕ್ಕದಲ್ಲಿ ಕ್ರೋಮಿಯಂ ಆಕ್ಸೈಡಿಗಿಂತ ಎಷ್ಟೋ ಮೇಲು. ಆದರೆ ಅಲ್ಯೂಮಿನಾ ಪಕ್ಕಾ ಇನ್ಸುಲೇಟರ್. ನಿಮ್ಮ ಫರ್ನೇಸಿನಲ್ಲಿ ಕರೆಂಟು ವೈರಿನ ಉದ್ದಕ್ಕೆ ಲೋಹದೊಳಗೇ ಹರಿಯುತ್ತದೆ, ಪದರ ದಾಟುವ ಪ್ರಸಂಗ ಬರುವುದು ಟರ್ಮಿನಲ್ ಹತ್ತಿರ ಮಾತ್ರ, ಅಲ್ಲಿ ನೀವು ಬಿಗಿಯಾಗಿ ಕ್ಲ್ಯಾಂಪ್ ಹಾಕಿರುತ್ತೀರಿ, ಅದೂ ತಣ್ಣಗಿನ ಜಾಗದಲ್ಲಿ. ಫ್ಯುಯಲ್ ಸೆಲ್ ತಟ್ಟೆಯಲ್ಲಿ ಕರೆಂಟು ಅಡ್ಡಲಾಗಿ, ಎರಡೂ ಮುಖದ ಪದರ ಸೀಳಿಕೊಂಡೇ ಹೋಗಬೇಕು. ಕ್ರೋಮಿಯಂ ಆಕ್ಸೈಡಿಗಿಂತ ಸಾವಿರಾರು ಪಟ್ಟು ಕಡಿಮೆ ಕರೆಂಟು ಬಿಡುವ ಪದರ ಅಲ್ಲಿ ಕೂತರೆ ಸ್ಟ್ಯಾಕ್, ಅಂದರೆ ಪೇರಿಸಿಟ್ಟ ಸೆಲ್ಲುಗಳ ಇಡೀ ಕಟ್ಟು, ಸತ್ತ ಹಾಗೆ.

ಹಾಗೆಂದು ಅಲ್ಯೂಮಿನಿಯಂ ಸ್ಟೀಲು ಈ ಯಂತ್ರದಲ್ಲಿ ಬೇಡವೇ ಬೇಡ ಎಂದಲ್ಲ. ಸ್ಟ್ಯಾಕಿನ ಹೊರಗೆ ಗಾಳಿ ಕಾಯಿಸುವ ಹೀಟ್ ಎಕ್ಸ್‌ಚೇಂಜರ್, ಬಿಸಿಗಾಳಿಯ ಪೈಪು ಇರುತ್ತವಲ್ಲ, ಅಲ್ಲಿ ಕರೆಂಟಿನ ಕೆಲಸ ಇಲ್ಲ. ಅಲ್ಲಿಗೆ ನಿಮ್ಮ ಜಾತಿಯ ಲೋಹವೇ ಸರಿ. ಯಾಕೆ ಎನ್ನುವುದು ಮುಂದಿನ ಉತ್ತರದಲ್ಲಿ.

ಪ್ರಶ್ನೆ: ಕ್ರೋಮಿಯಂ ‘ಆವಿಯಾಗಿ’ ಸೆಲ್ ಕೆಡಿಸುತ್ತದೆ ಎಂದು ಎಲ್ಲೋ ಓದಿದೆ. ಕ್ರೋಮಿಯಂ ಕರಗಲು 1,900 ಡಿಗ್ರಿ ಬೇಕು. 800ರಲ್ಲಿ ಆವಿ ಹೇಗೆ? ಅದು ಮನುಷ್ಯರಿಗೂ ವಿಷವೇ? (ಮೈಸೂರು)

ಲೋಹ ಆವಿಯಾಗುವುದಿಲ್ಲ, ಆಕ್ಸೈಡ್ ಆಗುತ್ತದೆ, ಅದೂ ತಾನಾಗಿ ಅಲ್ಲ. ಗಾಳಿಯಲ್ಲಿ ತೇವ ಇರುತ್ತದಲ್ಲ, ಆ ನೀರಾವಿಯೂ ಆಮ್ಲಜನಕವೂ ಸೇರಿ ಕ್ರೋಮಿಯಂ ಆಕ್ಸೈಡಿನ ಜೊತೆ ವರ್ತಿಸಿ ಒಂದು ಅನಿಲ ಹುಟ್ಟುತ್ತದೆ. ಕ್ರೋಮಿಯಂ ಆಕ್ಸಿ-ಹೈಡ್ರಾಕ್ಸೈಡ್ ಎನ್ನಿ. ಒಣ ಗಾಳಿಯಲ್ಲಿ 800 ಡಿಗ್ರಿಗೆ ಇದು ನಗಣ್ಯ. ನೂರಕ್ಕೆ ಮೂರು ಪಾಲು ನೀರಾವಿ ಇದ್ದರೂ ಸಾಕು, ಲೆಕ್ಕಕ್ಕೆ ಬರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಅಷ್ಟು ತೇವ ವರ್ಷದ ಬಹುಪಾಲು ಇದ್ದೇ ಇರುತ್ತದೆ.

ಈ ಅನಿಲ ಗಾಳಿಯ ಜೊತೆ ಕ್ಯಾಥೋಡಿಗೆ, ಅಂದರೆ ಸೆಲ್ಲಿನ ಗಾಳಿ ಬದಿಯ ಪದರಕ್ಕೆ ಹೋಗುತ್ತದೆ. ಆಮ್ಲಜನಕ ಎಲೆಕ್ಟ್ರಾನ್ ಪಡೆದು ಅಯಾನ್ ಆಗುವ ಅತಿ ಮುಖ್ಯ ಜಾಗಗಳಲ್ಲೇ ಮತ್ತೆ ಘನವಾಗಿ ಕೂತುಬಿಡುತ್ತದೆ. ಲ್ಯಾಂಥನಂ-ಸ್ಟ್ರಾನ್ಷಿಯಂ-ಮ್ಯಾಂಗನೈಟ್ ಕ್ಯಾಥೋಡ್ ಆದರೆ ಜಿರ್ಕೋನಿಯಾ ತಾಗುವ ಅಂಚಿನಲ್ಲಿ ಕ್ರೋಮಿಯಂ ಆಕ್ಸೈಡ್ ಜಮೆಯಾಗುತ್ತದೆ. ಸ್ಟ್ರಾನ್ಷಿಯಂ, ಕೋಬಾಲ್ಟ್, ಕಬ್ಬಿಣ ಇರುವ ಇನ್ನೊಂದು ಜಾತಿಯ ಕ್ಯಾಥೋಡ್ ಆದರೆ ಸ್ಟ್ರಾನ್ಷಿಯಂ ಕ್ರೋಮೇಟ್ ಕಟ್ಟುತ್ತದೆ. ಹೇಗಾದರೂ ಸರಿ, ವೋಲ್ಟೇಜು ದಿನೇ ದಿನೇ ಇಳಿಯುತ್ತದೆ. ಪದರ ದಪ್ಪ ಆಗಿ ಬರುವ ತಡೆ ಒಂದು ಕಡೆ, ಅದೇ ಪದರ ಹಾರಿಹೋಗಿ ಮಾಡುವ ಹಾನಿ ಇನ್ನೊಂದು ಕಡೆ. ಹೀಟ್ ಎಕ್ಸ್‌ಚೇಂಜರಿಗೆ ಅಲ್ಯೂಮಿನಿಯಂ ಇರುವ ಸ್ಟೀಲು ವಾಸಿ ಎಂದೆನಲ್ಲ, ಇದೇ ಕಾರಣ. ಗಾಳಿ ಸೆಲ್ ಮುಟ್ಟುವ ಮೊದಲು ಆ ಪೈಪಿನಲ್ಲೇ ಕ್ರೋಮಿಯಂ ಹೊತ್ತು ತಂದರೆ ತಟ್ಟೆಗೆ ಎಷ್ಟು ಲೇಪ ಹಾಕಿದರೂ ದಂಡ.

ವಿಷದ ಮಾತು. ಅನಿಲದಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ಜಾತಿ. ಪ್ರಮಾಣ ಕಡಿಮೆ, ಆದರೆ ತಣ್ಣಗಿನ ಭಾಗದಲ್ಲಿ ಘನವಾಗಿ ಕೂರುತ್ತದೆ. ಬಿಸಿ ಸ್ಟೀಲಿಗೆ ತಾಗಿದ ನಿರೋಧಕ ಉಣ್ಣೆಯಲ್ಲೋ, ಬೋಲ್ಟಿಗೆ ಹಚ್ಚಿದ ಗ್ರೀಸಿನಲ್ಲೋ ಕ್ಯಾಲ್ಸಿಯಂ ಇದ್ದರೆ ಹಳದಿ ಪುಡಿ ಕಟ್ಟುತ್ತದೆ. ಅದು ಕ್ಯಾಲ್ಸಿಯಂ ಕ್ರೋಮೇಟ್. ಇದು ಫ್ಯುಯಲ್ ಸೆಲ್ಲಿಗಷ್ಟೇ ಅಲ್ಲ, ಗ್ಯಾಸ್ ಟರ್ಬೈನು, ಬಿಸಿ ಪೈಪುಗಳ ಕೆಲಸ ಮಾಡುವವರಿಗೂ ಅನ್ವಯ. ಹಳದಿ ಕಂಡರೆ ಬರಿಗೈಯಲ್ಲಿ ಒರೆಸಬೇಡಿ, ಗಾಳಿ ಹೊಡೆದು ಹಾರಿಸಬೇಡಿ. ಮುಖವಾಡ, ಕೈಗವಸು ಬೇಕೇ ಬೇಕು.

ಪ್ರಶ್ನೆ: ಹಾಗಾದರೆ ತಯಾರಕರು ಏನು ಮಾಡುತ್ತಾರೆ? ಪೇಂಟ್ ಹೊಡೆದ ಹಾಗೆ ಏನಾದರೂ ಲೇಪ ಇದೆಯೇ? (ದಾವಣಗೆರೆ)

ಇದೆ, ಆದರೆ ಮೊದಲು ಸ್ಟೀಲಿನೊಳಗೇ ಮಾಡುವ ಕೈಚಳಕ ಹೇಳಿಬಿಡುತ್ತೇನೆ.

ಜರ್ಮನಿಯ ಯೂಲಿಕ್ ಸಂಶೋಧನಾ ಕೇಂದ್ರದವರು ಉಕ್ಕಿನ ಕಂಪನಿಯೊಂದಿಗೆ ಸೇರಿ ಇದಕ್ಕೆಂದೇ ರೂಪಿಸಿದ ಸ್ಟೀಲ್ ಕ್ರೋಫರ್ 22 ಎಪಿಯು. ಅದರಲ್ಲಿ ನೂರಕ್ಕೆ 22 ಕ್ರೋಮಿಯಂ. ನೂರಕ್ಕೆ ಅರ್ಧ ಪಾಲಿನಷ್ಟು (0.5) ಮ್ಯಾಂಗನೀಸ್ ಬೆರೆಸಿದ್ದಾರೆ, ಸುಮ್ನೆ ಅಲ್ಲ. ಕಾದಾಗ ಮ್ಯಾಂಗನೀಸ್ ಪದರದ ತುದಿಗೆ ಬಂದು ಕ್ರೋಮಿಯಂ ಜೊತೆ ಸೇರಿ ಸ್ಪಿನೆಲ್ ಎಂಬ ಇನ್ನೊಂದು ಆಕ್ಸೈಡ್ ಕಟ್ಟುತ್ತದೆ. ಇದರಿಂದ ಕ್ರೋಮಿಯಂ ಹಾರುವುದು ಶುದ್ಧ ಕ್ರೋಮಿಯಂ ಆಕ್ಸೈಡಿಗಿಂತ ಎರಡು ಮೂರು ಪಟ್ಟು ಕಡಿಮೆ. ಸಿಲಿಕಾನ್ ಆದಷ್ಟೂ ತೆಗೆದಿದ್ದಾರೆ, ಯಾಕೆಂದರೆ ಅದು ಲೋಹಕ್ಕೂ ಪದರಕ್ಕೂ ನಡುವೆ ಸಿಲಿಕಾದ ತೆಳು ಹಾಸು ಹಾಸುತ್ತದೆ, ಸಿಲಿಕಾ ಮತ್ತೆ ಇನ್ಸುಲೇಟರ್. ಸಿಲಿಕಾನ್ ತೆಗೆಯಲು ನಿರ್ವಾತದಲ್ಲಿ ಕರಗಿಸಬೇಕು. ಬೆಲೆ ಏರುವುದು ಇಲ್ಲೇ. ಅದಕ್ಕೇ ಆಮೇಲೆ ಬಂದ ಕ್ರೋಫರ್ 22 ಎಚ್‌ನಲ್ಲಿ ಸಿಲಿಕಾನ್ ಇರಲಿ ಬಿಡಿ ಎಂದು, ಅದನ್ನು ಹಿಡಿದಿಡಲು ನಿಯೋಬಿಯಂ, ಟಂಗ್‌ಸ್ಟನ್ ಹಾಕಿದರು. ಇವು ಸಿಲಿಕಾನನ್ನು ಒಳಗೇ ಕಟ್ಟಿಹಾಕುತ್ತವೆ, ಜೊತೆಗೆ ಬಿಸಿಯಲ್ಲಿ ಸ್ಟೀಲಿಗೆ ಬಲವನ್ನೂ ಕೊಡುತ್ತವೆ. ನನಗೆ ಇದು ಬಹಳ ಇಷ್ಟವಾದ ಉಪಾಯ.

ಇನ್ನು ಲ್ಯಾಂಥನಂ. ನೂರಕ್ಕೆ 0.1ರಷ್ಟೂ ಇಲ್ಲ. ಆದರೆ ಅದಿಲ್ಲದಿದ್ದರೆ ಪದರ ಬೇಗ ಬೆಳೆಯುತ್ತದೆ, ತಣಿದಾಗ ಹಕ್ಕಳೆ ಎದ್ದು ಉದುರುತ್ತದೆ. ಇಂಥ ವಿರಳ ಧಾತುಗಳ ಪವಾಡ ಇಂಗ್ಲೆಂಡಿನ ಫೈಲ್ (Pfeil) ಎಂಬವನು 1937ರಲ್ಲೇ ಪೇಟೆಂಟ್ ಮಾಡಿದ್ದ, ಹೀಟಿಂಗ್ ವೈರುಗಳ ಸಲುವಾಗಿ. ಆಕ್ಸೈಡ್ ಪದರ ಪುಟ್ಟ ಪುಟ್ಟ ಹರಳುಗಳಿಂದ ಆದದ್ದು, ಕ್ರೋಮಿಯಂ ಹೊರಬರುವುದು ಹೆಚ್ಚಾಗಿ ಹರಳುಗಳ ನಡುವಿನ ಸಂದಿಯಿಂದ. ಲ್ಯಾಂಥನಂ ದೊಡ್ಡ ಅಯಾನ್, ಆ ಸಂದಿಯಲ್ಲಿ ಹೋಗಿ ಓಣಿಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ ಕೂತುಬಿಡುತ್ತದೆ. ಕ್ರೋಮಿಯಂ ಹೊರಗೆ ಬರಲಾರದು. ಆಮೇಲೆ ಪದರ ಬೆಳೆಯಬೇಕೆಂದರೆ ಆಮ್ಲಜನಕವೇ ಒಳಗೆ ಹೋಗಬೇಕು. ಹೊಸ ಆಕ್ಸೈಡ್ ಲೋಹಕ್ಕೆ ತಾಗಿಕೊಂಡೇ ಹುಟ್ಟುವುದರಿಂದ, ಅಡಿಯಲ್ಲಿ ಟೊಳ್ಳು ಬೀಳುವುದಿಲ್ಲ, ಪದರ ಅಂಟಿಕೊಂಡಿರುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ರೋಮಿಯಂ ಹಾರುವುದು ಪೂರ್ತಿ ನಿಲ್ಲುವುದಿಲ್ಲ, ಅದಕ್ಕೇ ಲೇಪ. ಹೆಚ್ಚು ಬಳಕೆಯಲ್ಲಿರುವುದು ಮ್ಯಾಂಗನೀಸ್-ಕೋಬಾಲ್ಟ್ ಸ್ಪಿನೆಲ್. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಇದರ ಮೇಲೆ ತುಂಬಾ ಕೆಲಸ ಮಾಡಿದೆ. ಕರೆಂಟು ಬಿಡುವುದರಲ್ಲಿ ಇದು ಕ್ರೋಮಿಯಂ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೇಲು, ಹಿಗ್ಗುವಿಕೆಯೂ ಹೊಂದುತ್ತದೆ. ಪುಡಿಯನ್ನು ಕಲಸಿ ಸಿಂಪಡಿಸಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಹತ್ತು ಮೈಕ್ರಾನ್ ಆಸುಪಾಸು ದಪ್ಪ.

ಸ್ವೀಡನ್ನಿನವರ ದಾರಿ ಬೇರೆ. ಸ್ಯಾಂಡ್ವಿಕ್ ಕಂಪನಿ ಸ್ಟೀಲ್ ಸುರುಳಿಯ ಮೇಲೆ ಮೊದಲು ಹತ್ತು ನ್ಯಾನೋಮೀಟರ್ ಸೀರಿಯಂ, ಅದರ ಮೇಲೆ 600 ನ್ಯಾನೋಮೀಟರ್ ಚಿಲ್ಲರೆ ಕೋಬಾಲ್ಟ್ ಲೋಹ ಹಾಕುತ್ತಿತ್ತು. ಆಕ್ಸೈಡ್ ಅಲ್ಲ, ಲೋಹ. ಸೆಲ್ಲಿನೊಳಗೆ ಕಾದಾಗ ಕೋಬಾಲ್ಟ್ ತಾನೇ ಆಕ್ಸೈಡ್ ಆಗುತ್ತದೆ, ಸ್ಟೀಲಿನ ಮ್ಯಾಂಗನೀಸ್ ಮೇಲೆ ಬಂದು ಸೇರಿ ಸ್ಪಿನೆಲ್ ಆಗುತ್ತದೆ. ಗಾಟೆನ್‌ಬರ್ಗ್‌ನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ ಬರಿ ಸ್ಟೀಲಿಗಿಂತ ಕ್ರೋಮಿಯಂ ಹಾರುವುದು ಹತ್ತು ಪಟ್ಟು ಕಡಿಮೆ. ಇನ್ನೂ ಮಜಾ ಏನೆಂದರೆ, ಸುರುಳಿಗೆ ಲೇಪ ಹಾಕಿ ಆಮೇಲೆ ಪ್ರೆಸ್ಸಿನಲ್ಲಿ ಒತ್ತಿ ತಟ್ಟೆ ಮಾಡಿದರೆ ಲೇಪ ಅಲ್ಲಲ್ಲಿ ಬಿರಿಯುತ್ತದೆ. ಆದರೆ ಕಾದಾಗ ಬಿರುಕು ತಾನೇ ಮುಚ್ಚಿಕೊಳ್ಳುತ್ತದೆ. ಒಂದೊಂದು ತಟ್ಟೆಗೂ ಬೇರೆಬೇರೆ ಸಿಂಪಡಿಸುವ ಕೆಲಸ ತಪ್ಪಿತು.

ಫಲ ಏನು? ಯೂಲಿಕ್‌ನಲ್ಲಿ 2007ರಲ್ಲಿ ಶುರು ಮಾಡಿದ ಎರಡು ಸೆಲ್ಲಿನ ಪುಟ್ಟ ಸ್ಟ್ಯಾಕ್ 700 ಡಿಗ್ರಿಯಲ್ಲಿ ಒಂದು ಲಕ್ಷ ಗಂಟೆ ದಾಟಿತು. ಹನ್ನೊಂದು ವರ್ಷಕ್ಕೂ ಮಿಕ್ಕಿ. ತಟ್ಟೆ ಇದೇ ಕ್ರೋಫರ್ 22 ಎಪಿಯು.

ಪ್ರಶ್ನೆ: ನೂರಕ್ಕೆ 22 ಕ್ರೋಮಿಯಂ ಒಳ್ಳೆಯದಾದರೆ 95 ಯಾಕಾಗಬಾರದು? (ಬಳ್ಳಾರಿ)

ಆಗಬಹುದು, ಮಾಡುತ್ತಾರೆ! ಆಸ್ಟ್ರಿಯಾದ ಪ್ಲಾನ್ಸೆ ಕಂಪನಿಯ ಮಿಶ್ರಲೋಹದಲ್ಲಿ ಸುಮಾರು 95 ಕ್ರೋಮಿಯಂ, 5 ಕಬ್ಬಿಣ, ಚೂರು ಯಿಟ್ರಿಯಾ. ಅದರ ಹಿಗ್ಗುವಿಕೆ ಜಿರ್ಕೋನಿಯಾಕ್ಕೆ ಇನ್ನೂ ಹತ್ತಿರ. ಆದರೆ ಅದನ್ನು ಸ್ಟೀಲಿನ ಹಾಗೆ ಹಾಳೆ ಎಳೆದು ಪ್ರೆಸ್ಸಿನಲ್ಲಿ ಒತ್ತಲಾಗದು. ಪುಡಿಯನ್ನು ಅಚ್ಚಿನಲ್ಲಿ ಭಾರಿ ಒತ್ತಡದಲ್ಲಿ ಒತ್ತಿ ಬೇಯಿಸಬೇಕು. ತಟ್ಟೆ ದಪ್ಪ, ಭಾರ, ದುಬಾರಿ.

ಪ್ರಶ್ನೆ: ತಟ್ಟೆಯನ್ನು ತೆಳು ಮಾಡಿದರೆ ಖರ್ಚು ಉಳಿಯುತ್ತದೆ ಅಲ್ವಾ? ಎಷ್ಟು ತೆಳು ಮಾಡಬಹುದು? (ತುಮಕೂರು)

ಲೆಕ್ಕ ಹಾಕಿಯೇ ಬಿಡೋಣ. 0.2 ಮಿಲಿಮೀಟರ್ ಹಾಳೆ, 22 ಕ್ರೋಮಿಯಂ. ಒಂದು ಚದರ ಸೆಂಟಿಮೀಟರಿನಲ್ಲಿ ಸ್ಟೀಲಿನ ತೂಕ ಸುಮಾರು 154 ಮಿಲಿಗ್ರಾಂ, ಅದರಲ್ಲಿ ಕ್ರೋಮಿಯಂ 34. ಪೂರ್ತಿ 34 ಬಳಸಲು ಬರುವುದಿಲ್ಲ. ಸ್ಟೀಲಿನಲ್ಲಿ ಕ್ರೋಮಿಯಂ 16ರ ಸುತ್ತ ಇಳಿದಾಗ ಆಟ ಮುಗಿಯುತ್ತದೆ ಎಂದಿಟ್ಟುಕೊಳ್ಳಿ, ಹಾಗಾದರೆ ಕೈಯಲ್ಲಿರುವ ದಾಸ್ತಾನು 9 ಮಿಲಿಗ್ರಾಂ. ಎರಡೂ ಮುಖದಲ್ಲಿ ಪದರ ಬೆಳೆಯುತ್ತದೆ. ಒಂದೊಂದು ಮುಖಕ್ಕೂ 13 ಮೈಕ್ರಾನ್ ಬೆಳೆಯುವ ಹೊತ್ತಿಗೆ ದಾಸ್ತಾನು ಖಾಲಿ. ಮೊದಲ ಉತ್ತರದಲ್ಲಿ 40,000 ಗಂಟೆಗೆ ಎಷ್ಟು ಬಂದಿತ್ತು ನೋಡಿ, ಹನ್ನೆರಡೂವರೆ. ಹಾರಿಹೋದದ್ದನ್ನು ಇದಕ್ಕೆ ಸೇರಿಸಿಯೇ ಇಲ್ಲ!

ಖಾಲಿಯಾದ ಮೇಲೆ ನಿಧಾನ ಎನ್ನುವ ಮಾತೇ ಇಲ್ಲ. ಕಬ್ಬಿಣದ ಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಎದ್ದು, ತೆಳು ಹಾಳೆಯನ್ನು ಆರಪಾರ ತಿಂದು ತೂತು ಮಾಡುತ್ತದೆ. ಆಮೇಲೆ ಗಾಳಿ, ಹೈಡ್ರೋಜನ್ ಒಂದಾಗುತ್ತವೆ, ಮುಂದಿನದು ಹೇಳಬೇಕಿಲ್ಲ. ತೆಳು ಹಾಳೆ ಬೇಕೆಂದರೆ ಒಳ್ಳೆಯ ಲೇಪ ಹಾಕಿ, ಇಲ್ಲವೇ ಕಾವು ಇಳಿಸಿ. ಇಂಗ್ಲೆಂಡಿನ ಸೆರಿಸ್ ಪವರ್ ಎರಡನೆಯ ದಾರಿ ಹಿಡಿದಿದೆ. ಜಿರ್ಕೋನಿಯಾ ಬದಲು ಗ್ಯಾಡೊಲಿನಿಯಂ ಬೆರೆಸಿದ ಸೀರಿಯಾ ಬಳಸಿ, ಸೆಲ್ಲನ್ನೇ ಫೆರಿಟಿಕ್ ಸ್ಟೀಲ್ ಹಾಳೆಯ ಮೇಲೆ ಕಟ್ಟಿ, 500ರಿಂದ 600 ಡಿಗ್ರಿಯಲ್ಲಿ ಓಡಿಸುತ್ತದೆ.

ಪ್ರಶ್ನೆ: ಕಾವು ಇಳಿಸಿದರೆ ತುಕ್ಕಿನ ಚಿಂತೆ ಪೂರ್ತಿ ಹೋಯಿತಲ್ಲ? (ಅದೇ ತುಮಕೂರಿನವರು, ಎರಡನೇ ಪತ್ರದಲ್ಲಿ)

ಹಾಗಂದುಕೊಂಡೇ ಎಲ್ಲರೂ ನಿಶ್ಚಿಂತೆಯಿಂದ ಇದ್ದರು. ಆದರೆ ಈ ತಟ್ಟೆಯ ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ಹೈಡ್ರೋಜನ್. ಲ್ಯಾಬಿನಲ್ಲಿ ಎರಡೂ ಬದಿಗೆ ಗಾಳಿ ಕೊಟ್ಟು ಪರೀಕ್ಷಿಸಿದಾಗ ಚೊಕ್ಕ ಕ್ರೋಮಿಯಂ ಪದರ ಕಟ್ಟುವ ಸ್ಟೀಲು, ಒಂದು ಬದಿಗೆ ಹೈಡ್ರೋಜನ್ ಕೊಟ್ಟ ಕೂಡಲೇ ಗಾಳಿಯ ಬದಿಯಲ್ಲಿ ಕೆಂಪು ತುಕ್ಕು ಎಬ್ಬಿಸುತ್ತದೆ. ಹೈಡ್ರೋಜನ್ ಬದಿ ಚೆನ್ನಾಗಿಯೇ ಇರುತ್ತದೆ, ಕೆಡುವುದು ಗಾಳಿಯ ಬದಿ! 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದವರು ಇದನ್ನು ವರದಿ ಮಾಡಿದರು. ಹೈಡ್ರೋಜನ್ ಅಷ್ಟು ಚಿಕ್ಕದು, ಸ್ಟೀಲಿನೊಳಗೆ ತೂರಿಕೊಂಡು ಆಚೆ ಬದಿ ತಲುಪುತ್ತದೆ, ಅಲ್ಲಿ ಕ್ರೋಮಿಯಂ ಪದರ ಸರಿಯಾಗಿ ಕೂಡಿಕೊಳ್ಳಲು ಬಿಡುವುದಿಲ್ಲ. ಹೇಗೆ ಬಿಡುವುದಿಲ್ಲ ಎನ್ನುವುದರ ಬಗ್ಗೆ ತಜ್ಞರಲ್ಲಿ ವಾದ ಇನ್ನೂ ನಡೆದೇ ಇದೆ.

ಚಾಲ್ಮರ್ಸ್‌ನವರು ಕಂಡುಕೊಂಡದ್ದು ಇನ್ನೂ ವಿಚಿತ್ರ. ಈ ಕಾಟ 800 ಡಿಗ್ರಿಗಿಂತ 600ರಲ್ಲಿ ಜಾಸ್ತಿ. ತುಕ್ಕಿನ ಪಾಠದಲ್ಲೆಲ್ಲ ಕಾವು ಏರಿದರೆ ತುಕ್ಕು ಏರುತ್ತದೆ, ಇಲ್ಲಿ ಉಲ್ಟಾ. 800ರಲ್ಲಿ ಒಳಗಿನ ಕ್ರೋಮಿಯಂ ಬೇಗ ಬೇಗ ಮೇಲೆ ಬಂದು ಪದರವನ್ನು ಸರಿಮಾಡುತ್ತದೆ, 600ರಲ್ಲಿ ಆ ಸರಬರಾಜು ಮಂದ. ಧಾರವಾಡದವರಿಗೆ ಕೊಟ್ಟ ಎರಡನೇ ಕಾರಣ ಇಲ್ಲಿ ಎದುರಾಯಿತು ನೋಡಿ. ಉಪಾಯವೂ ಇದೆ: ಹೈಡ್ರೋಜನ್ ಬಿಡುವ ಮೊದಲು ಬರಿ ಗಾಳಿಯಲ್ಲಿ ಕಾಯಿಸಿ ಎರಡೂ ಬದಿಗೆ ಒಳ್ಳೆಯ ಪದರ ಕಟ್ಟಿಸಿಬಿಡುವುದು. ಆಮೇಲೆ ಹೈಡ್ರೋಜನ್ ಒಳಹೋಗುವುದೇ ಕಷ್ಟ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಮಫಲ್ ಫರ್ನೇಸ್ ಇದೆ. ಬಿಇ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದರಲ್ಲಿ ಏನಾದರೂ ಮಾಡಬಹುದೇ? (ಹುಬ್ಬಳ್ಳಿ)

ಖಂಡಿತ ಮಾಡಿ. ಕ್ರೋಫರ್ ಹುಡುಕಿಕೊಂಡು ಹೋಗಬೇಡಿ. 430 ಮತ್ತು 441 ಸ್ಟೀಲ್ ಸಾಕು. 441 ಅಂದರೆ ಕಾರಿನ ಎಕ್ಸಾಸ್ಟ್ ಮಾಡುವ ಫೆರಿಟಿಕ್ ಸ್ಟೀಲು, ಅಗ್ಗ ಎಂದು ಫ್ಯುಯಲ್ ಸೆಲ್ಲಿನವರೂ ಇದರ ಹಿಂದೆ ಬಿದ್ದಿದ್ದಾರೆ. ಜೊತೆಗೆ 304ರದೂ ಒಂದಿಷ್ಟು ತುಂಡು ಇರಲಿ, ಹೋಲಿಸಲು.

ಒಂದೂವರೆ ಸೆಂಟಿಮೀಟರ್ ಚೌಕ ಕತ್ತರಿಸಿ. ಎಲ್ಲಕ್ಕೂ ಒಂದೇ ನಂಬರಿನ ಎಮರಿ ಕಾಗದದಲ್ಲಿ ಉಜ್ಜಿ, ಯಾಕೆಂದರೆ ಮೇಲ್ಮೈ ಒರಟೋ ನಯವೋ ಎನ್ನುವುದರ ಮೇಲೂ ತುಕ್ಕು ಬದಲಾಗುತ್ತದೆ. ಅಸಿಟೋನಿನಲ್ಲಿ ತೊಳೆಯಿರಿ, ಆಮೇಲೆ ಬೆರಳು ತಾಗಿಸಬೇಡಿ, ಬೆವರಿನ ಉಪ್ಪು ಫಲಿತಾಂಶ ಕೆಡಿಸುತ್ತದೆ.

ಮುಖ್ಯ ಸಂಗತಿ ತಕ್ಕಡಿ. ಕ್ರೋಮಿಯಂ ಆಕ್ಸೈಡ್ ಒಂದು ಮೈಕ್ರಾನ್ ಬೆಳೆದರೆ ಚದರ ಸೆಂಟಿಮೀಟರಿಗೆ ತೂಕ ಏರುವುದು ಸುಮಾರು 0.16 ಮಿಲಿಗ್ರಾಂ. ನಿಮ್ಮ ತುಂಡಿನ ಎರಡೂ ಮುಖ ಸೇರಿ ನಾಲ್ಕೂವರೆ ಚದರ ಸೆಂಟಿಮೀಟರ್, ಅಂದರೆ 0.7 ಮಿಲಿಗ್ರಾಂ. 0.1 ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಇದು ಕಷ್ಟ. 0.01 ತೋರಿಸುವುದು ಬೇಕು, ಫಾರ್ಮಸಿ ಕಾಲೇಜಿನಲ್ಲಿ ಕೇಳಿ ನೋಡಿ. ಪ್ರತಿ ತುಂಡನ್ನೂ ಪುಟ್ಟ ಅಲ್ಯೂಮಿನಾ ಮೂಸೆಯಲ್ಲಿಟ್ಟು, ಮೂಸೆ ಸಮೇತ ಒಮ್ಮೆ, ತುಂಡು ಮಾತ್ರ ಒಮ್ಮೆ ತೂಗಿ. ಹಕ್ಕಳೆ ಉದುರಿದ್ದರೆ ಮೂಸೆಯಲ್ಲಿ ಸಿಗುತ್ತದೆ, ಎರಡು ತೂಕದ ವ್ಯತ್ಯಾಸವೇ ಎಷ್ಟು ಉದುರಿತು ಎಂದು ಹೇಳುತ್ತದೆ.

ಒಂದು ತಂಡ ಒಣ ಗಾಳಿಯಲ್ಲಿ, ಒಂದು ತೇವದ ಗಾಳಿಯಲ್ಲಿ ಮಾಡಿದರೆ ಪ್ರಾಜೆಕ್ಟಿಗೆ ಕಳೆ ಬರುತ್ತದೆ. 25 ಡಿಗ್ರಿಯ ನೀರಿನೊಳಗೆ ಗಾಳಿ ಗುಳ್ಳೆ ಹಾಯಿಸಿದರೆ ಸಮುದ್ರಮಟ್ಟದಲ್ಲಿ ನೂರಕ್ಕೆ 3.1 ನೀರಾವಿ ಸಿಗುತ್ತದೆ. ನಿಮ್ಮ ಊರು ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಸ್ವಲ್ಪ ಜಾಸ್ತಿ ಬರುತ್ತದೆ. ವರದಿಯಲ್ಲಿ ಅದನ್ನು ಲೆಕ್ಕ ಹಾಕಿ ಬರೆಯಿರಿ. ಇನ್ನೊಂದು ನೆನಪಿಡಿ: ತೇವದಲ್ಲಿ ಕ್ರೋಮಿಯಂ ಹಾರುವುದರಿಂದ ತೂಕ ಕಡಿಮೆ ಏರಿದ್ದು ಕಂಡರೆ ತುಕ್ಕು ಕಡಿಮೆ ಎಂದು ಹಿಗ್ಗಬೇಡಿ. ಹಾರಿದ್ದು ತಕ್ಕಡಿಗೆ ಕಾಣುವುದಿಲ್ಲ. ಹೊರಹೋಗುವ ಗಾಳಿಯನ್ನು ಕೋಣೆಯೊಳಗೆ ಬಿಡದೆ ಫ್ಯೂಮ್ ಹುಡ್ಡಿಗೆ ಕೊಡಿ.

50, 100, 250, 500 ಗಂಟೆಗೆ ತೂಗಿ, ತೂಕ ಏರಿಕೆಯ ವರ್ಗವನ್ನು ಸಮಯದ ಎದುರು ಗ್ರಾಫ್ ಹಾಕಿ. ಪದರ ಸರಿಯಾಗಿದ್ದರೆ ಗೆರೆ ನೇರ. ಒಣ ಗಾಳಿಯಲ್ಲಿ ನಡುವೆ ಮೇಲಕ್ಕೆ ತಿರುಗಿದರೆ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲೋ ಮೂಲೆಯಲ್ಲೋ ಕೆಂಪು ಚುಕ್ಕೆ ಇರುತ್ತದೆ. ಮುಗಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಗೆರೆ ನೇರ ಬರದಿದ್ದರಂತೂ ತಪ್ಪದೆ ಕಳಿಸಿ.